ನೀರು ಬತ್ತದೆ

ಶರಾವತಿ ಹೊಳೆಯ ಒಳಗೆ, ನೀರೇ ಇಲ್ಲದ ಜಾಗದಲ್ಲಿ, ಒಂದು ಪಾತಿ ದೋಣಿಯಲ್ಲಿ ನಾನೂ ನನ್ನ ಷಡ್ಡಕರೂ ಮೂರು ಮುಕ್ಕಾಲು ಗಂಟೆ ಕೂತಿದ್ದೆವು. ಇದನ್ನು ನಾನೇ ಹೇಳಿಬಿಡುವುದು ಮೇಲು. ಸುಮ್ಮನಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ಅವಳ ಬಾಯಲ್ಲಿ ಅದು ಐದು ಗಂಟೆಯಾಗುತ್ತದೆ. ಅವಳ ತಂಗಿಯ ಬಾಯಲ್ಲಿ ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರೂ ಬರುತ್ತದೆ. ಹೆಲಿಕಾಪ್ಟರ್ ಬರಲಿಲ್ಲ. ಬಂದದ್ದು ಡ್ರೋನು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯವನ್ನೂ ಮುಚ್ಚಿಡುವಂತಿಲ್ಲ. ನಾನು ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು. ಹತ್ತೊಂಬತ್ತು ವರ್ಷಗಳಿಂದ ತಪ್ಪದೆ ಬೋರ್ಡಿನ ಮೇಲೆ ಭೂಮಿಯನ್ನು ಹೀರೇಕಾಯಿಯಂತೆ ಉದ್ದ ಎಳೆದು, ಪಕ್ಕಕ್ಕೊಂದು ಚಂದ್ರನನ್ನು ಬರೆದು, ‘ಉಬ್ಬರವಿಳಿತ ಎಂದರೇನು? ಕಾರಣ ತಿಳಿಸಿ’ ಎಂಬುದಕ್ಕೆ ಉತ್ತರ ಬರೆಸುತ್ತ ಬಂದವನು. ಎರಡು ಅಂಕದ ಪ್ರಶ್ನೆ. ಚಂದ್ರನ ಹೆಸರು ಬರೆದು ಸೂರ್ಯನ ಹೆಸರು ಬಿಟ್ಟ ಹುಡುಗರಿಗೆ ಅರ್ಧ ಅಂಕ ಕತ್ತರಿಸಿದ ಪಾಪವೂ ನನ್ನ ಲೆಕ್ಕದಲ್ಲಿದೆ.

ನಮ್ಮದು ಹಿರಿಯೂರು. ನಮ್ಮೂರಿಗೂ ಹೊಳೆಯುಂಟು, ವೇದಾವತಿ. ಸೇತುವೆಯ ಮೇಲೆ ನಿಂತು ನೋಡಿದರೆ ಬಹುಪಾಲು ವರ್ಷ ಮರಳು, ಜಾಲಿ, ಎಮ್ಮೆ. ಊರಿನ ಹೆಮ್ಮೆಯೆಂದರೆ ಮಾರಿಕಣಿವೆ. ಸರ್ಕಾರಿ ಕಾಗದದಲ್ಲಿ ವಾಣಿವಿಲಾಸ ಸಾಗರ. ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ ಕಟ್ಟಿ ಮುಗಿದ ಅಣೆಕಟ್ಟು. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಬೇರೆ ಊರಲ್ಲಿ ಎದುರಾದವರನ್ನು ‘ತಿಂಡಿ ಆಯ್ತಾ’ ಎಂದು ಮಾತಾಡಿಸುತ್ತಾರೆ. ನಮ್ಮಲ್ಲಿ ‘ಡ್ಯಾಮು ಎಷ್ಟಡಿ ಐತೆ?’ ನೂರ ಮೂವತ್ತು ಅಡಿ ತುಂಬಿದರೆ ಕೋಡಿ. ಆ ನೂರ ಮೂವತ್ತನ್ನು ನೋಡದೆ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ಸತ್ತವರು ನಮ್ಮ ಮನೆಯಲ್ಲೇ ಇದ್ದಾರೆ.

ಇಂಥ ಊರಿನವನಿಗೆ ದೇವರು ಹೊನ್ನಾವರದ ಹೆಣ್ಣು ಕೊಟ್ಟ. ಮದುವೆಯಾದ ಹೊಸತು. ಮಧ್ಯಾಹ್ನ ಮಾವನವರ ಮನೆಯ ಹಿತ್ತಲಲ್ಲಿ ನಿಂತರೆ ಶರಾವತಿ ದಡದಿಂದ ದಡಕ್ಕೆ ತುಂಬಿ, ಕಾಂಡ್ಲಾ ಗಿಡಗಳ ಸೊಂಟ ಮುಟ್ಟಿ ನಿಂತಿತ್ತು. ಇಷ್ಟು ನೀರನ್ನು ಒಟ್ಟಿಗೆ ನೋಡಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗ್ಗೆ ಬ್ರಶ್ ಬಾಯಲ್ಲಿಟ್ಟುಕೊಂಡು ಹೋಗಿ ನೋಡುತ್ತೇನೆ: ಕೆಸರು. ಬರೀ ಕೆಸರು. ನಿನ್ನೆ ತೇಲುತ್ತಿದ್ದ ದೋಣಿ ಪಕ್ಕಕ್ಕೆ ವಾಲಿ ಮಲಗಿದೆ. ನಾನು ನೊರೆ ಉಗುಳಿ ಮನೆಯೊಳಗೆ ಓಡಿದೆ. “ನೀರು ಹೋಗ್ಬಿಟ್ಟಿದೆ!”

ಮಾವನವರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ತಲೆ ಎತ್ತಲಿಲ್ಲ. “ಬತ್ತದೆ” ಎಂದರು.

ನಮ್ಮ ಕಡೆ ನೀರು ಬತ್ತುವುದೆಂದರೆ ಒಣಗುವುದು. ಬಾವಿ ಬತ್ತುತ್ತದೆ, ಕೆರೆ ಬತ್ತುತ್ತದೆ, ಹಸುವಿನ ಕೆಚ್ಚಲು ಬತ್ತುತ್ತದೆ. ‘ಬತ್ತಿ ಆಗಿದೆಯಲ್ಲ ಮಾವಾ, ಇನ್ನೇನು ಬತ್ತೋದು’ ಎಂದು ನಾನು ಕಂಗಾಲಾಗಿ ನಿಂತಿದ್ದಾಗ ಹೆಂಡತಿ ಅಡುಗೆಮನೆಯಿಂದ ಅನುವಾದ ಒದಗಿಸಿದಳು: ಕರಾವಳಿಯ ಬಾಯಲ್ಲಿ ಬತ್ತದೆ ಎಂದರೆ ಬರುತ್ತದೆ. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಬಂತು ಕೂಡ. ಎಂಬತ್ತೊಂಬತ್ತು ವರ್ಷವಲ್ಲ, ಆರು ಗಂಟೆ. ದಿನಕ್ಕೆರಡು ಸಲ ಕೋಡಿ ಬೀಳುವ ಊರು! (ಇಲ್ಲಿ ಕೋಡಿ ಎಂದರೂ ಬೇರೆಯೇ: ಹೊಳೆ ಕಡಲಿಗೆ ಸೇರುವಲ್ಲಿ ಚಾಚಿಕೊಂಡ ಮರಳಿನ ನಾಲಗೆ. ಒಂದೇ ಕನ್ನಡ ಎನ್ನುವವರು ಒಮ್ಮೆ ಘಟ್ಟ ಇಳಿದು ನೋಡಬೇಕು.)

ಹೋದ ವರ್ಷದ ದಸರಾ ರಜೆಗೆ ಬರೋಣ. ಅತ್ತೆಯ ಮನೆಗೆ ಎರಡೂ ಹೆಣ್ಣುಮಕ್ಕಳ ಸಂಸಾರ ಒಟ್ಟಿಗೆ ಬಂದಿಳಿಯಿತು. ಷಡ್ಡಕರು ಮೂಲತಃ ಹುಬ್ಬಳ್ಳಿಯವರು, ಈಗ ಪುಣೆಯಲ್ಲಿ ದೊಡ್ಡ ಕೆಲಸ. ಒಳ್ಳೆಯ ಮನುಷ್ಯ. ಆದರೆ ಎಲ್ಲಕ್ಕೂ ಅವರ ಬಳಿ ಒಂದು ಆ್ಯಪ್ ಇರುತ್ತದೆ, ಎಲ್ಲಕ್ಕಿಂತ ಉತ್ತಮವಾದದ್ದೊಂದು ಪುಣೆಯಲ್ಲಿರುತ್ತದೆ. ನಾನು ವೇಳಾಪಟ್ಟಿಯ ಮನುಷ್ಯ. ಹೊರಡುವ ಮುಂಚೆಯೇ ಎ-ಫೋರ್ ಹಾಳೆಯಲ್ಲಿ ನಾಲ್ಕು ದಿನದ ರಜೆಯನ್ನು ಪೀರಿಯಡ್ಡುಗಳಾಗಿ ಕೊರೆದು, ನಾಲ್ಕು ಪ್ರತಿ ತೆಗೆಸಿ ತಂದಿದ್ದೆ. ಅತ್ತೆಯವರು ತಮ್ಮ ಪ್ರತಿಯನ್ನು ಬಹಳ ಗೌರವದಿಂದ ತೆಗೆದುಕೊಂಡರು. ಸಂಜೆ ಅದರ ಮೇಲೆ ಬಿಸಿ ಬನ್ಸ್ ಆರುತ್ತಿದ್ದವು.

ಮೊದಲ ಮೂರು ದಿನ ಪಟ್ಟಿಯ ಪ್ರಕಾರವೇ ನಡೆಯಿತು, ಅದನ್ನು ಬೇಗ ಮುಗಿಸುತ್ತೇನೆ. ಕಾಸರಕೋಡದ ಕಡಲತೀರ, 2020ರಲ್ಲಿ ನೀಲಿ ಬಾವುಟ ಸಿಕ್ಕಿದ್ದು. ಮಕ್ಕಳು ಬಾವುಟ ನೋಡಲಿಲ್ಲ, ಗುಂಡಿ ತೋಡಿದರು. ಅಪ್ಸರಕೊಂಡ: ಮೆಟ್ಟಿಲು, ಜಲಪಾತ, ಮಂಗ, ಮಂಗನ ಕೈಯಲ್ಲಿ ಷಡ್ಡಕರ ಕೂಲಿಂಗ್ ಗ್ಲಾಸು. ಇಡಗುಂಜಿ: ಎದ್ದುನಿಂತ ಗಣಪ, ಪಂಚಕಜ್ಜಾಯ, ಅದನ್ನು ಯಾರು ಹೆಚ್ಚು ತಿಂದರೆಂಬ ಜಗಳ. ಮುರ್ಡೇಶ್ವರ: ಗೋಪುರದ ಲಿಫ್ಟಿಗೆ ಸರದಿ, ಸರದಿಯಲ್ಲಿ ಜಗಳ, ಮೇಲೆ ಗಾಳಿ, ಕೆಳಗೆ ಮತ್ತೆ ಸರದಿ. ಕಾಂಡ್ಲಾ ವನದ ನಡುವಿನ ಮರದ ಕಾಲುಹಾದಿಯಲ್ಲಿ ನಾನು ಉಸಿರಾಡುವ ಬೇರುಗಳ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ. ತಿರುಗಿ ನೋಡಿದರೆ ಕೇಳುತ್ತಿದ್ದವನು ಗೊತ್ತಿಲ್ಲದ ಯಾರೋ ಒಬ್ಬ. ಅವನೂ ತನ್ನವರೆಲ್ಲಿ ಹೋದರೆಂದು ಹುಡುಕುತ್ತಿದ್ದ.

ಅಲ್ಲಿಂದ ಪ್ರವಾಸಿ ಬೋಟು ಹತ್ತಿದೆವು. ಈ ಬೋಟುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೊಳೆ ಇಷ್ಟು ಮೆತ್ತಗೆ ಹರಿಯುತ್ತಿರುವಾಗ, ಬೆಳ್ಳಕ್ಕಿ ಒಂಟಿ ಕಾಲಲ್ಲಿ ಧ್ಯಾನಿಸುತ್ತಿರುವಾಗ, ಆ ಧ್ವನಿವರ್ಧಕದಲ್ಲಿ ಕುಣಿಯುವ ಹಾಡು ಯಾಕೆ? ನಮ್ಮ ಎದುರಿಗೆ ಕೂತಿದ್ದ ಒಂದು ಸಂಸಾರ ಕುರುಕಲು ತಿಂದು ಖಾಲಿ ಪೊಟ್ಟಣವನ್ನು ನೀಟಾಗಿ ನಾಲ್ಕು ಮಡಿಕೆ ಮಡಿಸಿ, ಹೊಳೆಗೆ ಹಾಕಿತು. ಆ ಮಡಿಕೆಯೇ ನನ್ನ ಹೊಟ್ಟೆ ಉರಿಸಿದ್ದು. ಎಸೆಯುವವನಿಗೆ ಶಿಸ್ತು ಯಾಕೆ? ನಾನು ಮೇಷ್ಟ್ರ ದನಿಯಲ್ಲಿ ಏನೋ ಹೇಳಿದೆ. ಅವರು ನನ್ನನ್ನು ಮಂಗನನ್ನು ನೋಡಿದಂತೆ ನೋಡಿದರು.

ಬೋಟಿನಿಂದ ಇಳಿದ ಮೇಲೆ ರೋಷದಲ್ಲಿ ಘೋಷಿಸಿಬಿಟ್ಟೆ: “ನಾಳೆ ನಮ್ಮದೇ ದೋಣಿ. ಹುಟ್ಟು ಹಾಕೋದು ನಾನೇ.” ಷಡ್ಡಕರು ತಕ್ಷಣ ಕೈ ಮಿಲಾಯಿಸಿದರು. ಪುಣೆಯಲ್ಲಿ ಅವರು ಎರಡು ಸಲ ಕಯಾಕ್ ಬಿಟ್ಟಿದ್ದರಂತೆ.

ನೆರೆಮನೆಯವರದೊಂದು ಪಾತಿ ದೋಣಿ ಹಿತ್ತಲಲ್ಲಿ ಇತ್ತು. ಮರುದಿನ ಸೀಗಿ ಹುಣ್ಣಿಮೆ. ಊಟದಲ್ಲಿ ಬಂಗಡೆ ಹುಳಿ ಸ್ವಲ್ಪ ಹೆಚ್ಚೇ ಆಗಿ, ಮಕ್ಕಳೂ ಹೆಂಗಸರೂ ಅಡ್ಡಾದರು. ಎರಡೂವರೆಗೆ ನಾವಿಬ್ಬರು ದೋಣಿ ನೂಕಿದೆವು. ಮಾವನವರು ಜಗಲಿಯಿಂದ ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಆಮೇಲೆ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವಿದು: “ಹುಣ್ಣಿಮೆ ಇಳಿತ, ಹೊಳಿ ಪೂರಾ ಬಸೀತದೆ ಅಂತ ಗೊತ್ತಿತ್ತು. ಆದ್ರೆ ಇಬ್ರೂ ಅಳಿಯಂದ್ರು. ಹೊಂಟವ್ರಿಗೆ ಬ್ಯಾಡ ಅನ್ನೂದು ಹ್ಯಾಂಗೆ?” ಮಗನಾಗಿದ್ದರೆ ಬೈದು ಕೂರಿಸುತ್ತಿದ್ದರು. ಅಳಿಯನ ಮರ್ಯಾದೆ ಕಾಪಾಡಲು ಹೋಗಿ ಅವರು ಅಳಿಯನನ್ನು ಹೊಳೆಗೆ ಬಿಟ್ಟರು.

ಮೊದಲ ಅರ್ಧ ಗಂಟೆ ನಾನು ಹುಟ್ಟಿದ್ದೇ ಹುಟ್ಟು ಹಾಕುವುದಕ್ಕೆ ಅನ್ನಿಸಿತು. ದೋಣಿ ತಾನಾಗಿ ಓಡುತ್ತಿತ್ತು. “ನೋಡ್ರಿ ಅಣ್ಣಾರ, ಎಷ್ಟ್ ಹಗುರ ಹೊಂಟೈತಿ” ಎಂದರು ಷಡ್ಡಕರು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನೊಳಗಿಂದ. ಹಗುರ ಯಾಕೆ ಹೊರಟಿದೆ ಎಂದು ಹತ್ತೊಂಬತ್ತು ವರ್ಷದ ಮೇಷ್ಟ್ರು ಯೋಚಿಸಬೇಕಿತ್ತು. ನಾನು ಯೋಚಿಸದೆ ಷಡ್ಡಕರಿಗೆ ಇತಿಹಾಸ ಹೇಳುತ್ತಿದ್ದೆ: ಗೇರುಸೊಪ್ಪೆಯ ಚೆನ್ನಭೈರಾದೇವಿ, ಇದೇ ಹೊಳೆಯಲ್ಲಿ ಇಳಿದು ಕಡಲು ಸೇರುತ್ತಿದ್ದ ಕರಿಮೆಣಸು, ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದ ಪೋರ್ಚುಗೀಸರು. ಮೆಣಸು ಹಡಗಿಗೆ ಏರುವ ಘಟ್ಟಕ್ಕೆ ಬಂದಾಗ ಅಡಿಯಿಂದ ‘ಸ್‌ಸ್‌ಸ್’ ಎಂದು ಒಂದು ಸದ್ದು ಬಂತು. ದೋಸೆ ಕಾವಲಿಯ ಮೇಲೆ ಕೂತ ಹಾಗೆ ದೋಣಿ ಕೂತಿತು.

ಗಂಟೆ ಮೂರೂಕಾಲು.

ಹುಟ್ಟಿನಿಂದ ನೂಕಿದೆವು. ಹುಟ್ಟು ಕೆಸರೊಳಗೆ ಹೋಯಿತು, ದೋಣಿ ಹೋಗಲಿಲ್ಲ. ಹುಟ್ಟನ್ನು ಕೀಳಲು ಇಬ್ಬರೂ ಬೇಕಾಯಿತು. ಷಡ್ಡಕರು ಕೊರಳಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಿಂದ ಫೋನು ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, “ಮ್ಯಾಪಿನಾಗ ಇಲ್ಲಿ ನೀಲಿ ಐತ್ರಿ” ಎಂದರು. ಸುತ್ತಲೂ ನೋಡಿದೆವು. ನೀಲಿ ನಮ್ಮ ಕಣ್ಣೆದುರೇ ತೆಳ್ಳಗಾಗುತ್ತ, ನಾಲ್ಕಾರು ಬೆರಳಿನಂಥ ಕಾಲುವೆಗಳಾಗಿ, ಅಳಿವೆಯ ಕಡೆಗೆ ಸರಿಯುತ್ತಿತ್ತು. ಇಳಿದು ತಳ್ಳುತ್ತೇನೆಂದು ಷಡ್ಡಕರು ಬಲಗಾಲು ಹೊರಗಿಟ್ಟರು. ಕಾಲು ಮೊಣಕಾಲಿನ ತನಕ ಹೋಗಿ, ಇನ್ನೂ ಹೋಗುವ ಉತ್ಸಾಹ ತೋರಿಸಿತು. ಹಿಂದಕ್ಕೆ ಬಂದಾಗ ಬ್ರಾಂಡೆಡ್ ಚಪ್ಪಲಿ ಬರಲಿಲ್ಲ. ಆರು ಸಾವಿರ ರೂಪಾಯಿಯದಂತೆ. ಉಳಿದ ಮೂರೂವರೆ ಗಂಟೆಯಲ್ಲಿ ಆ ಬೆಲೆಯನ್ನು ನಾನು ಹನ್ನೊಂದು ಸಲ ಕೇಳಿದೆ.

ಹೆಂಡತಿಯ ಫೋನು ಬಂತು. “ರೀ, ಯಾಕೆ ಅಲ್ಲೇ ನಿಂತ್ರಿ?”

“ಇಲ್ಲಿಂದ ನೋಟ ಚೆನ್ನಾಗಿದೆ” ಎಂದೆ.

ಈ ಸುಳ್ಳನ್ನು ಅರ್ಧ ಗಂಟೆ ಕಾಪಾಡಿಕೊಂಡೆವು. ನೋಟ ಚೆನ್ನಾಗಿದ್ದವರು ಕೂರುವ ಹಾಗೆಯೇ ಕೂತೆವು. ಷಡ್ಡಕರು ಗಲ್ಲಕ್ಕೆ ಕೈ ಕೊಟ್ಟು ದೂರದ ಘಟ್ಟ ನೋಡಿದರು, ನಾನು ಒಂದು ಹಕ್ಕಿಯನ್ನು ಬೆರಳಿಟ್ಟು ತೋರಿಸಿದೆ. ಅಷ್ಟರಲ್ಲಿ ದೋಣಿಯ ಸುತ್ತ ಒಂದು ಚೊಂಬಿನಷ್ಟೂ ನೀರಿಲ್ಲದಾಯಿತು. ನೀರಿಲ್ಲದ ಕಡೆ ಲೈಫ್ ಜಾಕೆಟ್ ತೊಟ್ಟ ಮನುಷ್ಯನ ಪಕ್ಕ ಕೂತು ಸಹಜವಾಗಿರುವುದು ಕಷ್ಟ. ಬಿಚ್ಚಿ ಎಂದೆ. “ಇರ್ಲಿ ಬಿಡ್ರಿ, ಸೇಫ್ಟಿ” ಎಂದರು.

ಕೆಸರಿಗೆ ಜೀವ ಬಂತು. ಎಲ್ಲೆಲ್ಲೂ ಸಣ್ಣ ಬಿಲ, ಬಿಲಕ್ಕೊಂದು ಏಡಿ, ಏಡಿಗೊಂದು ಕೈ ಮಾತ್ರ ಮೈಯಷ್ಟೇ ದೊಡ್ಡದು. ಆ ಕೈಯನ್ನು ಅವು ಮೇಲೆತ್ತಿ ಬೀಸುತ್ತಿದ್ದವು, ‘ಬನ್ನಿ ಬನ್ನಿ’ ಎನ್ನುವ ಹಾಗೆ. ನೂರಾರು ಏಡಿಗಳು ಒಟ್ಟಿಗೆ ಕರೆಯುತ್ತಿದ್ದರೆ ಮನುಷ್ಯನಿಗೆ ಸಭೆಯಲ್ಲಿ ಕೂತಂತಾಗುತ್ತದೆ. ಮೀನಿನಂಥ ಒಂದು ಪ್ರಾಣಿ ನೀರಿಲ್ಲದಲ್ಲೇ ಕುಪ್ಪಳಿಸಿಕೊಂಡು ಬಂದು, ತಲೆಯ ಮೇಲಿನ ಎರಡು ಕಣ್ಣನ್ನು ನಮ್ಮತ್ತ ನೆಟ್ಟು, ಬಹಳ ಹೊತ್ತು ನೋಡಿ, ಹೊರಟುಹೋಯಿತು. ಕೆಸರಲ್ಲಿ ಓಡಾಡುವುದು ಮೀನಿಗೂ ಗೊತ್ತು ಎಂಬಂತಿತ್ತು ಅದರ ನೋಟ.

ಬೆಳಚು ಆರಿಸುವ ಹೆಂಗಸರು ಬಂದರು. ಬುಟ್ಟಿ ಸೊಂಟದಲ್ಲಿ, ಸೀರೆ ಮೊಣಕಾಲಿಗೆ, ಕಾಲಿನಲ್ಲೇ ಚಿಪ್ಪು ತಡಕಿ ಬಗ್ಗಿ ತೆಗೆಯುತ್ತ, ನಮ್ಮ ಷಡ್ಡಕರ ಕಾಲು ನುಂಗಿದ್ದ ಅದೇ ಕೆಸರಿನ ಮೇಲೆ ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದರು. ಹಿರಿಯಾಕೆ ಒಬ್ಬಳು ದೂರದಲ್ಲೇ ನಿಂತು ಕೇಳಿದಳು: “ಎಲ್ಲಿಗೆ ಹೊಂಟೆ ತಮಾ?”

“ಎಲ್ಲಿಗೂ ಇಲ್ಲ.”

“ಹೌದು, ಕಾಣ್ತದೆ.”

ಅವರು ನಗುತ್ತ ಮುಂದೆ ಹೋದರು. ನಗು ಮಾತ್ರ ಬಹಳ ಹೊತ್ತು ಅಲ್ಲೇ ಇತ್ತು.

ಕಾಲುವೆಯ ಆಳದ ನೀರಿನಲ್ಲಿ ಪ್ರವಾಸಿ ಬೋಟೊಂದು ಹಾಯಿತು. ಹಾಡು ನಿಂತು ಮೈಕಿನಲ್ಲಿ ದನಿ ಬಂತು: “ನಿಮ್ಮ ಎಡಗಡೆ ಸಾಂಪ್ರದಾಯಿಕ ಮೀನುಗಾರರನ್ನು ನೋಡಬಹುದು.” ಇಪ್ಪತ್ತು ಫೋನುಗಳು ನಮ್ಮತ್ತ ತಿರುಗಿದವು. ನಾನು ಹುಟ್ಟನ್ನು ಎತ್ತಿ ಹಿಡಿದೆ. ಯಾಕೆ ಹಿಡಿದೆನೋ ಕಾಣೆ. ಯಾವುದೋ ಊರಿನ ಯಾವುದೋ ಮನೆಯ ಫೋನಿನಲ್ಲಿ ಹಿರಿಯೂರಿನ ಸಮಾಜ ವಿಜ್ಞಾನದ ಮೇಷ್ಟ್ರು ಶರಾವತಿಯ ಸಾಂಪ್ರದಾಯಿಕ ಮೀನುಗಾರನಾಗಿ ಈಗಲೂ ಇದ್ದಾನೆ.

ಈ ಕಡೆ ಹೆದ್ದಾರಿಯ ಸೇತುವೆ, ಆ ಕಡೆ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲಿನ ಸೇತುವೆ. ಎರಡರ ಮೇಲಿನ ಜನಕ್ಕೂ ನಾವು ಕಾಣುತ್ತಿದ್ದೆವು. ಸಂಜೆಯ ಹೊತ್ತಿಗೆ ರೈಲೊಂದು ಹಾಯ್ದಾಗ ಷಡ್ಡಕರು “ಮತ್ಸ್ಯಗಂಧ ಇರ್ಬೇಕ್ರಿ” ಎಂದರು. ಆ ಹೆಸರು ಕೇಳಿದೊಡನೆ ಪರಾಶರ ನೆನಪಾದ. ಅವನೂ ಹೊಳೆಯ ನಡುವೆ ದೋಣಿಯಲ್ಲಿ ಪೇಚಿಗೆ ಸಿಕ್ಕವನೇ. ಆದರೆ ಅವನಿಗೆ ತಪಸ್ಸಿನ ಬಲವಿತ್ತು, ಸುತ್ತ ಮಂಜು ಕವಿಸಿಕೊಂಡ. ಆ ಕಥೆಯಲ್ಲಿ ಎಲ್ಲರೂ ಮತ್ಸ್ಯಗಂಧಿಯನ್ನು ನೋಡುತ್ತಾರೆ, ವ್ಯಾಸರನ್ನು ನೋಡುತ್ತಾರೆ. ಮಂಜಿನ ಬೆಲೆ ಎಷ್ಟೆಂಬುದು ನನಗೆ ಮಾತ್ರ ಗೊತ್ತು.

ಇಷ್ಟು ಹೊತ್ತಿಗೆ ಮನೆಯವರಿಗೆ ವಿಷಯ ತಿಳಿದಿತ್ತು. ದಡದಲ್ಲಿ ಸಾಲಾಗಿ ಕುರ್ಚಿ ಬಿದ್ದವು. ನೆರೆಮನೆಯವರೂ ಬಂದರು, ದೋಣಿ ಅವರದು, ನೋಡುವ ಹಕ್ಕು ಇತ್ತು. ಆಗ ಎದ್ದಿತು ಡ್ರೋನು. ಷಡ್ಡಕರ ಹದಿನಾಲ್ಕರ ಮಗಳು ಅದನ್ನು ಹಾರಿಸುವಳು. ಅದು ದುಂಬಿಯಂತೆ ಗುಂಯ್‌ಗುಡುತ್ತ ಬಂದು, ನಮ್ಮ ತಲೆಯ ಮೇಲೆ ನಿಂತು, ಒಂದು ಸುತ್ತು ಹಾಕಿ, ಮುಖಕ್ಕೆ ಮುಖ ಕೊಟ್ಟು ನೋಡಿತು. ಷಡ್ಡಕರು ಅದರತ್ತ ನೋಡಿ “ಹಶಿವ್ಯಾಗೈತಿ” ಎಂದು ಹೊಟ್ಟೆ ತೋರಿಸಿದರು. ಡ್ರೋನು ಹಿಂದೆ ಹೋಯಿತು. ದಡದಲ್ಲಿ ಏನೋ ಸಮಾಲೋಚನೆ. ಬಾಳೆಹಣ್ಣು ಕಟ್ಟಿದರಂತೆ, ಏಳಲಿಲ್ಲ. ಬನ್ಸ್ ಕಟ್ಟಿದರಂತೆ, ಎದ್ದು ಬಾವಿಕಟ್ಟೆಗೆ ಬಡಿಯಿತು. ಕಡೆಗೆ ಅತ್ತೆಯವರು ಒಳಗೆ ಹೋಗಿ ತೊಡದೇವಿನ ಡಬ್ಬ ತಂದರು.

ತೊಡದೇವು ನೋಡದವರಿಗೆ ಒಂದು ಮಾತು: ಮಗುಚಿಟ್ಟ ಮಡಕೆಯ ಬೆನ್ನಿಗೆ ಅಕ್ಕಿಹಿಟ್ಟೂ ಕಬ್ಬಿನಹಾಲೂ ಬೆರೆಸಿದ್ದನ್ನು ಬಟ್ಟೆಯಲ್ಲಿ ಒಂದೇ ಎಳೆತಕ್ಕೆ ಎಳೆದು ಮಾಡುವ ಸಿಹಿ. ಕಾಗದಕ್ಕಿಂತ ತೆಳ್ಳಗೆ, ಉಸಿರು ಜೋರಾಗಿ ಬಿಟ್ಟರೆ ಮುರಿಯುತ್ತದೆ. ಡ್ರೋನು ಹೊರಬಲ್ಲ ಪಕ್ವಾನ್ನ ಉತ್ತರ ಕನ್ನಡದಲ್ಲಿ ಬಹಳ ಹಿಂದೆಯೇ ಸಿದ್ಧವಾಗಿತ್ತು, ಡ್ರೋನು ಬರುವುದು ತಡವಾಯಿತು ಅಷ್ಟೇ.

ನಾಲ್ಕು ಮಡಿಕೆಯ ತೊಡದೇವು ಒಂದು, ದಾರದಲ್ಲಿ ತೂಗಾಡುತ್ತ, ಹೊಳೆಯ ಮೇಲೆ ಹಾರಿ ಬಂತು. ಎಂಥ ದೃಶ್ಯ! ಬೆಳಚಿನ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನಿಂತರು. ಏಡಿಗಳು ಕೈ ಬೀಸುವುದನ್ನು ನಿಲ್ಲಿಸಿದವು ಎಂದೇ ನನ್ನ ನೆನಪು. ಷಡ್ಡಕರು ಎದ್ದು ನಿಂತು ಎರಡೂ ಕೈ ಚಾಚಿದರು, ಯಕ್ಷಗಾನದ ಭೀಮ ಸೌಗಂಧಿಕಾ ಪುಷ್ಪಕ್ಕೆ ಚಾಚಿದಂತೆ. ಇನ್ನು ಒಂದು ಮೊಳ. ಮುಕ್ಕಾಲು ಮೊಳ. ಡ್ರೋನಿನ ರೆಕ್ಕೆಯ ಗಾಳಿಗೆ ತೊಡದೇವು ಪಟಪಟ ನಡುಗಿತು, ದಾರದಿಂದ ಜಾರಿತು, ಗಾಳಿಪಟದಂತೆ ಎರಡು ಸಲ ಓಲಾಡಿ ನಮ್ಮಿಂದ ಎರಡು ಮಾರು ಆಚೆ ಕೆಸರಿನ ಮೇಲೆ ಇಳಿಯಿತು. ಮುರಿಯಲೂ ಇಲ್ಲ. ತಟ್ಟೆಗೆ ಬಡಿಸಿದ ಹಾಗೆ ಕೂತಿತು.

ನಾವು ಅದನ್ನು ನೋಡಿದೆವು. ಒಂದು ಏಡಿ ಬಂತು. ದೊಡ್ಡ ಕೈಯಿಂದ ಅಂಚು ಮುಟ್ಟಿತು. ಸಣ್ಣ ಕೈಯಿಂದ ಒಂದು ಚೂರು ಮುರಿದು ಬಾಯಿಗಿಟ್ಟು, ತುಸು ತಡೆಯಿತು. ಆಮೇಲೆ ಉಳಿದವಕ್ಕೆ ಕೈ ಬೀಸಿತು. ಹತ್ತೇ ನಿಮಿಷ, ತೊಡದೇವಿನ ಜಾಗದಲ್ಲಿ ತೇವದ ಗುರುತು ಮಾತ್ರ ಉಳಿಯಿತು. “ಮಕ್ಕಳಾ…” ಎಂದರು ಷಡ್ಡಕರು. ಏಡಿಗಳಿಗೆ ಹೇಳಿದರೋ ದಡದಲ್ಲಿ ಬಿದ್ದು ಬಿದ್ದು ನಗುತ್ತಿದ್ದವರಿಗೆ ಹೇಳಿದರೋ ತಿಳಿಯಲಿಲ್ಲ.

ಹಸಿವಿನಲ್ಲಿ ಇಬ್ಬರಿಗೂ ಸಿಟ್ಟು ಬಂತು. ಅಳಿವೆಯ ಆಚೆಯ ಟೊಂಕದ ಮರಳು ಅಲ್ಲಿಂದ ಮಸುಕಾಗಿ ಕಾಣುತ್ತಿತ್ತು. ಹೆಂಗಸರು ಒಣಮೀನು ಹರಡುವ ಜಾಗ. ಕಡಲಾಮೆ ಬಂದು ಮೊಟ್ಟೆಯಿಡುವ ದಡ. ಖಾಸಗಿ ಬಂದರು ಬರಲಿದೆಯೆಂದು ಅಲ್ಲಿಯ ಮೀನುಗಾರರು ವರ್ಷಗಳಿಂದ ಬೇಡ ಎನ್ನುತ್ತ ಬಂದಿದ್ದಾರೆ. ಷಡ್ಡಕರು “ಡೆವಲಪ್‌ಮೆಂಟ್ ಆಗ್ಬೇಕಲ್ರಿ” ಎಂದರು. ಯಾರದು ಎಂದೆ ನಾನು. ಅವರು ಪುಣೆಯ ಒಂದು ಉದಾಹರಣೆ ಕೊಟ್ಟರು. ಒಣಮೀನು ಹರಡಿದ ಆಕೆಯನ್ನು ಪುಣೆಯಲ್ಲಿ ಎಲ್ಲಿ ಕೂರಿಸುತ್ತೀರಿ ಎಂದೆ. ದನಿ ಏರಿತು. ಮನೆಯಲ್ಲಾಗಿದ್ದರೆ ಯಾರಾದರೂ ಒಬ್ಬರು ಎದ್ದು ಹೋಗುತ್ತಿದ್ದೆವು. ಇಲ್ಲಿ ಎದ್ದು ಹೋಗುವುದೆಲ್ಲಿಗೆ? ಬೆನ್ನು ತಿರುಗಿಸಿ ಕೂರಲೂ ಪಾತಿಯಲ್ಲಿ ಅಗಲ ಸಾಲದು. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಸಿಟ್ಟಾಗಿ ಕೂತೆವು.

ಆ ಮೌನದಲ್ಲಿ ಅಪ್ಪ ನೆನಪಾದರು.

ಅವರು ಹುಟ್ಟುವ ಮೊದಲೇ ಮಾರಿಕಣಿವೆ ಒಮ್ಮೆ ಕೋಡಿ ಬಿದ್ದು ಮುಗಿದಿತ್ತು. ಅಜ್ಜ ನೋಡಿದ್ದ, ಆ ಕಥೆಯನ್ನು ಅಪ್ಪ ತಾವೇ ನೋಡಿದಂತೆ ಹೇಳುತ್ತಿದ್ದರು. ಪ್ರತಿ ಮಳೆಗಾಲದಲ್ಲೂ ಒಂದು ದಿನ ಸೈಕಲ್ಲು, ಆಮೇಲೆ ಟಿವಿಎಸ್ ಹತ್ತಿ ಹೋಗಿ, ಕೋಡಿಯ ಒಣಕಲ್ಲಿನ ಮೇಲೆ ಟವಲು ಹಾಸಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ನನ್ನನ್ನೂ ಕರೆದೊಯ್ದಿದ್ದುಂಟು. ನೀರಿಲ್ಲದ ಕಡೆ ಕೂತು ನೀರು ನೋಡುವ ಮನುಷ್ಯನ ಪಕ್ಕ ನಾನು ಕಡಲೆಕಾಯಿ ತಿನ್ನುತ್ತ ಬೇಜಾರು ಪಡುತ್ತಿದ್ದೆ. 2017ರಲ್ಲಿ ಅವರು ತೀರಿಕೊಂಡರು. ಐದು ವರ್ಷಕ್ಕೆ ಕೋಡಿ ಬಿತ್ತು. ಊರಿಗೆ ಊರೇ ಅಲ್ಲಿತ್ತು. ಅಮ್ಮ ಒಂದು ಚೊಂಬು ನೀರು ತುಂಬಿ ತಂದು ಅಪ್ಪನ ಫೋಟೋದ ಮುಂದಿಟ್ಟಳು. ಮರುದಿನ ತುಳಸಿಗೆ ಹುಯ್ದಳು. ಅದರ ಬಗ್ಗೆ ನಾವು ಮಾತಾಡಿಕೊಂಡಿಲ್ಲ.

“ಅಣ್ಣಾರ, ಅಳಾಕತ್ತೀರೇನ್ರಿ?” ಎಂದರು ಷಡ್ಡಕರು ಗಾಬರಿಯಾಗಿ. “ಬಂದರು ಬ್ಯಾಡಂದ್ರ ಬ್ಯಾಡ ಬಿಡ್ರಿ.”

ಬಿಸಿಲು ಎಂದೆ.

ಐದು ಗಂಟೆ ದಾಟಿತ್ತು. ಷಡ್ಡಕರ ಫೋನು ಸತ್ತಿತ್ತು. ಆಗ ಕಂಡದ್ದನ್ನು ಮೊದಲು ನಂಬಲಿಲ್ಲ. ಅರವತ್ತೆಂಟು ವರ್ಷದ ನಮ್ಮ ಅತ್ತೆಯವರು, ಸೀರೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಎರಡು ತೆಂಗಿನ ಮಡಲು ಎಳೆದುಕೊಂಡು, ಹೊಳೆಯ ನಡುವೆ ನಡೆದು ಬರುತ್ತಿದ್ದರು. ಯೇಸು ನೀರಿನ ಮೇಲೆ ನಡೆದದ್ದು ಕೇಳಿದ್ದೆ. ಇದು ನೀರು ಹೋದ ಮೇಲೆ, ಇನ್ನೂ ಆರಾಮಾಗಿ. ಅವರ ಕಾಲಡಿ ಬೆಳ್ಳಗೆ ಒಂದು ಮರಳಿನ ದಿಬ್ಬ ಬೆನ್ನು ತೋರಿಸಿಕೊಂಡು ದಡದ ತನಕ ಮಲಗಿತ್ತು. ನಮ್ಮಿಂದ ಹತ್ತು ಹೆಜ್ಜೆ. ನಾವು ಕೆಸರನ್ನೂ ಏಡಿಯನ್ನೂ ಪರಸ್ಪರರನ್ನೂ ನೋಡಿದೆವೇ ಹೊರತು ಆ ಬದಿಗೆ ತಿರುಗಿರಲಿಲ್ಲ.

ಅವರು ಮಡಲು ಹಾಸಿ, ಅದರ ಮೇಲೆ ಕಾಲಿಟ್ಟು ದೋಣಿಯ ಬಳಿ ಬಂದು, ಸ್ಟೀಲಿನ ಲೋಟಕ್ಕೆ ಬಗ್ಗಿಸಿದರು. “ಚಾ ತಕ್ಕಳಿ. ಸಕ್ರೆ ಸಾಕೋ ನೋಡಿ.”

ಬೈದಿದ್ದರೆ ಚೆನ್ನಾಗಿತ್ತು. ಅಳಿಯಂದಿರನ್ನು ಬೈಯುವ ರೂಢಿ ಆ ಮನೆಯಲ್ಲಿಲ್ಲ. ನಾನು ಲೋಟ ಕೆಳಗಿಟ್ಟು, ನಡೆದೇ ಬಂದುಬಿಡುತ್ತೇವೆ ಎಂದೆ. ಅವರು ದೋಣಿಯನ್ನೊಮ್ಮೆ ನೋಡಿದರು. “ಹಗ್ಗ ತಂದ್ರಾ?” ಎಂದು ಕೇಳಿದರು. ತಂದಿರಲಿಲ್ಲ. “ಹಂಗಾರೆ ಬಿಟ್ಟು ಬರೂಕಾಗೂಲಾ. ಭರತಿ ಹತ್ತಿದ್ರೆ ದೋಣಿ ಗೇರುಸೊಪ್ಪೆ ಬದಿಗೆ ಹೋಗ್ತದೆ. ಕೂತ್ಕಳಿ. ನೀರು ಬತ್ತದೆ.”

ಫ್ಲಾಸ್ಕು ನಮಗೆ ಬಿಟ್ಟು ಹೊರಟರು. ಹೋಗುತ್ತ ಬಗ್ಗಿ ಬಗ್ಗಿ ಸೆರಗಿಗೆ ಬೆಳಚು ಆರಿಸಿ ಹಾಕಿಕೊಂಡರು. ನಮ್ಮ ನಾಲ್ಕು ದಿನದ ವೇಳಾಪಟ್ಟಿಯಲ್ಲಿ ಹೊಟ್ಟೆಗೆ ಬಿದ್ದ ಒಂದೇ ಕಾರ್ಯಕ್ರಮ ಅದು: ರಾತ್ರಿ ಬೆಳಚಿನ ಸುಕ್ಕ.

ಚಾ ಕುಡಿದ ಮೇಲೆ ಷಡ್ಡಕರು ಲೈಫ್ ಜಾಕೆಟ್ ಬಿಚ್ಚಿ ನನ್ನ ಬೆನ್ನಿಗೆ ದಿಂಬು ಮಾಡಿದರು. ಪಡುವಣದಲ್ಲಿ ಸೂರ್ಯ ಇಳಿದ. ಇನ್ನೇನು ಕತ್ತಲು ಎನ್ನುವಾಗ ಘಟ್ಟದ ಮೇಲೆ ಚಂದ್ರ ಹತ್ತಿದ, ಬೋರ್ಡಿನ ಮೇಲೆ ನಾನು ಬರೆಯುವುದಕ್ಕಿಂತ ಎಷ್ಟೋ ದುಂಡಗೆ. ಅವನನ್ನು ನೋಡಿ ನನಗೆ ನಾಚಿಕೆಯಾಯಿತು. ಮೊದಲು ಏಡಿಗಳು ಬಿಲ ಸೇರಿದವು. ಆಮೇಲೆ ದೋಣಿಯ ಪಕ್ಕದ ಒಂದು ಸಣ್ಣ ಗೀರಿನಲ್ಲಿ ಏನೋ ಮಿಂಚಿತು. ಗೀರು ಹಗ್ಗವಾಯಿತು, ಹಗ್ಗ ಚಾಪೆಯಾಯಿತು. ಸದ್ದಿಲ್ಲ. ಒಣಗಿದ್ದ ಕೆಸರು ಮಾತ್ರ ಅಲ್ಲಲ್ಲಿ ‘ಪ್ಚ್’ ಎಂದು ಬಾಯಿ ಬಿಡುತ್ತಿತ್ತು. ಷಡ್ಡಕರು ಪಿಸುಮಾತಿನಲ್ಲಿ “ಬಂತ್ರಿ” ಎಂದರು. ಏಳಕ್ಕೆ ದೋಣಿ ಸೊಂಟ ಒಮ್ಮೆ ಅಲುಗಿಸಿತು. ಎತ್ತಿದವರಾರೆಂದು ತಿಳಿಯದಂತೆ ಎದ್ದಿತು. ಎಲ್ಲಿಂದಲೋ ಅವರ ಚಪ್ಪಲಿಯೂ ತೇಲಿ ಬರಬಹುದೆಂದು ಕಾಲು ಗಂಟೆ ಕಾದೆವು. ಅದು ಬರಲಿಲ್ಲ.

ರಾತ್ರಿ ಊಟವಾಗಿ ಜಗಲಿಯಲ್ಲಿ ಕೂತು, ಮಕ್ಕಳು ಡ್ರೋನಿನ ಚಿತ್ರವನ್ನು ಆರನೆಯ ಸಲ ಹಾಕಿ ನಗುತ್ತಿದ್ದಾಗ, ಹಿರಿಯೂರಿನಿಂದ ಅಮ್ಮ ಫೋನು ಮಾಡಿದಳು. ಊಟ ಆಯ್ತೇನಪ್ಪಾ, ಮಕ್ಕಳು ಹುಷಾರಾ, ಡ್ಯಾಮು ಎರಡಡಿ ಏರೈತೆ, ಎಲ್ಲ ಆದ ಮೇಲೆ ಕೇಳಿದಳು, “ಅಲ್ಲಿ ಹೊಳೆಯಾಗೆ ನೀರೈತೇನಪ್ಪಾ?”

ನಾನು ಹಿತ್ತಲ ಕಡೆ ನೋಡಿದೆ. ಬೆಳದಿಂಗಳಲ್ಲಿ ಕಾಂಡ್ಲಾ ಗಿಡಗಳ ಪಾದ ಇನ್ನೂ ಕಾಣುತ್ತಿತ್ತು. ಪೂರ್ತಿ ತುಂಬಲು ಇನ್ನೆರಡು ಗಂಟೆ ಬೇಕು. ಈ ಊರಿನ ಮಾತು ನನ್ನ ಬಾಯಿಗೆ ಹತ್ತಿಬಿಟ್ಟಿತ್ತು.

“ಬತ್ತದೆ ಕಣಮ್ಮಾ” ಎಂದೆ.

ಆ ಕಡೆ ಒಂದು ಕ್ಷಣ ಸದ್ದಿಲ್ಲ.

“ಅಯ್ಯೋ ಶಿವನೇ,” ಎಂದಳು ಅಮ್ಮ, “ಅಲ್ಲೂನಾ?”